ಗಣಿತದ ಸರ್ ದನಿಗೆ ನಾಲ್ಕರ ವೇಗ

ಮಗಳು ಹಾಸ್ಟೆಲಿಗೆ ಹೊರಟಿದ್ದಳು. ಅವಳ ಬಕೆಟ್ಟಿನ ಮೇಲೆ ಹೆಸರು ಬರೆಯಲೆಂದು ಕರಿ ಮಾರ್ಕರ್ ಪೆನ್ನಿನ ಮುಚ್ಚಳ ತೆಗೆದೆ. ಆ ಸ್ಪಿರಿಟ್ಟಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಸಿಂದಗಿ ಬಸ್ ನಿಲ್ದಾಣದ ಹಿಂದಿದ್ದ ನಮ್ಮ ಹಳೆಯ ಅಂಗಡಿ ಕಣ್ಣಿಗೆ ಬಂತು. ಅದರ ಒಳಕೋಣೆ, ಚಾಪೆಯ ಮೇಲೆ ಹರವಿದ ಡಿವಿಡಿಗಳು, ಒಂದೊಂದರ ಮೇಲೂ ಪಾಠದ ಹೆಸರು ಬರೆಯುತ್ತ ಕುಳಿತ ಗಣಿತದ ಸರ್...

ಆಗ ನಮ್ಮದು ವಿಡಿಯೋ ಅಂಗಡಿ. ಮದುವೆ, ಬಸುರಿಯರ ಕುಬಸಗಳಿಗೆ ನಮ್ಮ ಯಜಮಾನರು ಕ್ಯಾಮೆರಾ ಹಿಡಿದು ಹೋಗುತ್ತಿದ್ದರು. ತಂದದ್ದನ್ನು ಕಂಪ್ಯೂಟರಿನಲ್ಲಿ ಜೋಡಿಸಿ ಡಿವಿಡಿಗೆ ಬರೆಯುವುದು ನನ್ನ ಕೆಲಸ. ಸರ್ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಹತ್ತನೆಯ ತರಗತಿಗೆ ಗಣಿತ ಕಲಿಸುತ್ತಿದ್ದರು. ಜನವರಿಯ ಒಂದು ಮುಂಜಾನೆ ಅಂಗಡಿಗೆ ಬಂದರು. ಮಫ್ಲರ್ ಬಿಚ್ಚದೆ ಕುಳಿತು, ಒಡಕು ದನಿಯಲ್ಲಿ ನೇರವಾಗಿ ವಿಷಯಕ್ಕೆ ಬಂದರು.

"ಗಂಟಲದಾಗ ಗಡ್ಡಿ ಆಗೇತಿ ತಂಗಿ. ಧ್ವನಿಪೆಟ್ಟಿಗಿನ ತಗೀಬೇಕು ಅಂದಾರ ಸೊಲ್ಲಾಪುರದ ಡಾಕ್ಟರು. ಇಪ್ಪತ್ತ ದಿನಕ್ಕ ಆಪರೇಷನ್. ಆರು ಪಾಠ ಉಳದಾವ."

ಸಮಾಧಾನ ಮಾಡಿಸಿಕೊಳ್ಳಲು ಅವರು ಬಂದಿರಲಿಲ್ಲ. ಅವರ ಜಾಗಕ್ಕೆ ಜೂನ್‌ವರೆಗೆ ಬೇರೆಯವರು ಬರುವ ಹಾಗಿರಲಿಲ್ಲ. ಪರೀಕ್ಷೆ ಇದ್ದದ್ದು ಮಾರ್ಚಿನಲ್ಲಿ. ತರಗತಿಯಲ್ಲಿ ಇಪ್ಪತ್ತೇಳು ಹುಡುಗಿಯರು. ಆರೂ ಪಾಠಗಳನ್ನು ವಿಡಿಯೋ ಮಾಡಿ ಪ್ರತಿಯೊಬ್ಬಳ ಕೈಗೂ ಕೊಡಬೇಕು ಎಂದರು. ಎಲ್ಲರ ಮನೆಯಲ್ಲಿ ಇಲ್ಲದಿದ್ದರೂ ಓಣಿಗೊಂದಾದರೂ ಡಿವಿಡಿ ಪ್ಲೇಯರ್ ಇದ್ದ ಕಾಲ ಅದು.

ಮರುದಿನದಿಂದಲೇ ಒಳಕೋಣೆಯಲ್ಲಿ ಕರಿಹಲಗೆ ನಿಲ್ಲಿಸಿದೆವು. ದಿನಕ್ಕೊಂದು ಪಾಠ. ನಡುನಡುವೆ ದನಿ ಒಡೆದು ಬರೀ ಗಾಳಿ ಬರುತ್ತಿತ್ತು. ಯಜಮಾನರು ಕ್ಯಾಮೆರಾ ನಿಲ್ಲಿಸಲು ಹೋದರೆ ಸರ್ ಕೈ ಅಡ್ಡ ಹಿಡಿದು, ಒಂದು ಗುಟುಕು ಬಿಸಿನೀರು ಕುಡಿದು, ಬಿಟ್ಟ ಸಾಲಿನಿಂದಲೇ ಮುಂದುವರಿಸುತ್ತಿದ್ದರು.

ಮೊದಲ ಪಾಠವನ್ನು ನಾನು ಮದುವೆಯ ಡಿವಿಡಿ ಮಾಡಿದ ಹಾಗೆಯೇ ಮಾಡಿಕೊಟ್ಟೆ. ಬಂಡಲಿನಲ್ಲಿ ಬರುವ ಅಗ್ಗದ ಡಿಸ್ಕು, ಬರೆಯಲು ಎಲ್ಲಕ್ಕಿಂತ ಜೋರಾದ ಹದಿನಾರರ ವೇಗ, ಮೇಲೆ ನಮ್ಮ ಅಂಗಡಿಯ ಹೆಸರಿನ ದುಂಡನೆಯ ಸ್ಟಿಕ್ಕರು. ಎರಡು ದಿನ ಬಿಟ್ಟು ತಾಂಬಾ ಹಳ್ಳಿಯ ಹುಡುಗಿಯೊಬ್ಬಳು ಡಿಸ್ಕ್ ಹಿಡಿದು ಅಂಗಡಿಗೆ ಬಂದಳು. ಸರ್ ಅಲ್ಲಿಯೇ ಇದ್ದರು.

"ಅರ್ಧಾಮಟ ಛಲೋ ಬರತೈತ್ರಿ ಸರ್," ಎಂದಳು. "ಆಮ್ಯಾಲ ನೀವು ಬಾಯಿ ತಗದದ್ದು ತಗದಂಗ ನಿಂತಬಿಡ್ತೀರಿ."

ಸರ್ ನಕ್ಕರು.

"ಇನ್ನ ಹದಿನೈದ ದಿನಕ್ಕ ದನಿ ಖರೇನ ನಿಂದರತೈತಿ. ಅಲ್ಲೀಮಟ ಯಾಕ ನಿಂದರಬೇಕು?"

ಮದುವೆಯವರು ಇಂಥ ದೂರು ತಂದರೆ ನಿಮ್ಮ ಪ್ಲೇಯರ್ ಕೆಟ್ಟಿದೆ ಎಂದು ಸಾಗಹಾಕುವುದು ನನ್ನ ರೂಢಿ. ಅಂದೂ ಅದನ್ನೇ ಹೇಳಿದೆ.

"ಆಕಿ ಮನಿ ಪ್ಲೇಯರ್ ಬದಲ ಮಾಡೂದು ನಮ್ಮ ಕೈಯಾಗಿಲ್ಲ," ಎಂದರು ಸರ್. "ನಮ್ಮ ಕೈಯಾಗ ಇರೂದು ಡಿಸ್ಕು. ಅದನ್ನ ಬದಲ ಮಾಡೂಣು."

ನನಗೆ ನಾಚಿಕೆಯಾಯಿತು. ಹಾಗಿದ್ದರೆ ಎಲ್ಲಕ್ಕಿಂತ ನಿಧಾನವಾಗಿ ಬರೆದುಬಿಡೋಣ, ಆಗ ಸರಿಹೋದೀತು ಎಂದೆ. ಅದಕ್ಕೂ ಅವರು ಒಪ್ಪಲಿಲ್ಲ. "ಅಂದಾಜ ಬ್ಯಾಡ ತಂಗಿ. ತಾಳೆ ನೋಡೂಣು."

ಚೌಕಳಿ ಹಾಳೆಯ ಮೇಲೆ ಕೋಷ್ಟಕ ಹಾಕಿದರು. ಮೂರು ತರಹದ ಡಿಸ್ಕು. ಒಂದೊಂದನ್ನೂ ಹದಿನಾರು, ಎಂಟು, ನಾಲ್ಕು, ಎರಡರ ವೇಗದಲ್ಲಿ ಬರೆಯಬೇಕು. ಹನ್ನೆರಡನ್ನೂ ಚೀಲಕ್ಕೆ ಹಾಕಿಕೊಂಡು ರವಿವಾರ ಸರ್, ಯಜಮಾನರು, ನಾನು ಮೂವರೂ ಬಸ್ಸಿನಲ್ಲಿ ತಾಂಬಾಕ್ಕೆ ಹೋದೆವು, ಆ ಹುಡುಗಿಯ ಮನೆಗೇ. ಅಲ್ಲಿ ನಿಲ್ಲದೆ ಓಡಿದ ಡಿಸ್ಕ್ ಎಲ್ಲಿಯೂ ನಿಲ್ಲುವುದಿಲ್ಲ ಎಂಬುದು ಸರ್ ಲೆಕ್ಕ. ಡಿಸ್ಕ್ ಒಳಗಿನಿಂದ ಅಂಚಿನ ಕಡೆಗೆ ಬರೆಯುತ್ತ ಹೋಗುತ್ತದೆ, ತೊಂದರೆ ಕಾಣುವುದು ಹೆಚ್ಚಾಗಿ ಅಂಚಿನ ಹತ್ತಿರವೇ. ಹಾಗಾಗಿ ಪ್ರತಿಯೊಂದರ ಕೊನೆಯ ಹತ್ತು ನಿಮಿಷ ನೋಡಿದೆವು. ನಡುವೆ ಎರಡು ಸಲ ಕರೆಂಟು ಹೋಯಿತು. ಹುಡುಗಿಯ ತಾಯಿ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟರು. ಸರ್‌ಗೆ ನುಂಗಲು ಆಗುತ್ತಿರಲಿಲ್ಲ. ಮಜ್ಜಿಗೆ ಕುಡಿದು ಕೋಷ್ಟಕದಲ್ಲಿ ಗುರುತು ಹಾಕುತ್ತ ಕುಳಿತರು.

ಸಂಜೆಗೆ ಉತ್ತರ ಸಿಕ್ಕಿತು. ಅಗ್ಗದ ಡಿಸ್ಕು, ನಡು ಬೆಲೆಯದು, ಎರಡೂ ಯಾವ ವೇಗದಲ್ಲಿಯೂ ಕೊನೆ ಮುಟ್ಟಲಿಲ್ಲ. ಒಳ್ಳೆಯ ಕಂಪನಿಯದು ಹದಿನಾರರಲ್ಲಿ ನಿಂತಿತು, ಎಂಟರಲ್ಲಿ ತಡವರಿಸಿತು, ನಾಲ್ಕರಲ್ಲಿ ಎಣ್ಣೆ ಹಾಕಿದಂತೆ ಓಡಿತು. ಎರಡಕ್ಕೆ ಇಳಿಸಿದ್ದು ಮತ್ತೆ ನಿಂತಿತು! ತೀರ ನಿಧಾನವೂ ಆ ಡಿಸ್ಕಿಗೆ ಒಗ್ಗದು. ನನ್ನ ಅಂದಾಜು ಸುಳ್ಳಾಯಿತು. ಸ್ಟಿಕ್ಕರ್ ಅಂಟಿಸಿದರೆ ತಿರುಗುವಾಗ ಡಿಸ್ಕ್ ಅದುರುತ್ತದೆ ಎಂಬುದೂ ಅಲ್ಲಿಯೇ ತಿಳಿಯಿತು. ಅಂದಿನಿಂದ ನಮ್ಮ ಅಂಗಡಿಯ ಹೆಸರು ಹೋಗಿ ಸರ್ ಅಕ್ಷರ ಬಂತು, ಮಾರ್ಕರ್ ಪೆನ್ನಿನಲ್ಲಿ. ಡಿಸ್ಕಿನ ಅಂಚಿನವರೆಗೆ ತುಂಬುವುದನ್ನೂ ಬಿಟ್ಟೆ.

ಇಪ್ಪತ್ತೇಳು ಹುಡುಗಿಯರು, ಆರು ಪಾಠ. ನಾಲ್ಕರ ವೇಗದಲ್ಲಿ ಒಂದೊಂದಕ್ಕೂ ಹನ್ನೆರಡು ನಿಮಿಷ. ಬರೆದದ್ದು ಸರಿಯಿದೆಯೋ ಎಂದು ನೋಡಲು ಮತ್ತಷ್ಟು ಹೊತ್ತು. ಮದುವೆಯ ಕೆಲಸವನ್ನೆಲ್ಲ ಪಕ್ಕಕ್ಕಿಟ್ಟೆ. ಸೊಲ್ಲಾಪುರಕ್ಕೆ ಹೊರಡುವ ಹಿಂದಿನ ದಿನ ಸರ್ ಕೊನೆಯ ಡಿಸ್ಕಿನ ಮೇಲೆ ಹೆಸರು ಬರೆದು, ಪೆನ್ನಿಗೆ ಮುಚ್ಚಳ ಹಾಕಿ, "ಬರ್ತೇನಿ ತಂಗಿ" ಎಂದರು. ಅವರ ಬಾಯಿಂದ ನಾನು ಕೇಳಿದ ಕೊನೆಯ ಮಾತು ಅದು.

ಒಂದೂವರೆ ತಿಂಗಳ ಮೇಲೆ, ಪರೀಕ್ಷೆಗೆ ಇನ್ನೂ ಕೆಲವು ದಿನ ಇರುವಾಗ, ಕೊರಳಿಗೆ ಪಟ್ಟಿ ಸುತ್ತಿಕೊಂಡು, ಪಾಟಿ ಬಳಪ ಹಿಡಿದು ಸರ್ ಬಂದರು. ಪಾಟಿಯ ಮೇಲೆ ಬರೆದು ನನ್ನತ್ತ ತಿರುಗಿಸಿದರು: ಎಷ್ಟು ನಿಂತವು?

"ಎರಡ ನಿಂತಿದ್ದೂರಿ ಸರ್. ಮತ್ತ ಬರದ ಕೊಟ್ಟೇನಿ."

ತಲೆಯಾಡಿಸಿದರು. ಒಂದು ಡಿಸ್ಕ್ ಹಾಕಲು ಸನ್ನೆ ಮಾಡಿದರು. ಅವರ ದನಿ ಅಂಗಡಿಯ ತುಂಬ ತುಂಬಿತು. ನಾನು ಅವರ ಮುಖ ನೋಡಲಾರದೆ ಕೀಬೋರ್ಡ್ ನೋಡುತ್ತ ಕುಳಿತೆ... ಅಳುತ್ತಾರೇನೋ ಎಂದುಕೊಂಡಿದ್ದೆ. ಅವರು ಟೇಬಲ್ ಬಡಿದು ವಿಡಿಯೋ ನಿಲ್ಲಿಸಿ, ಪಾಟಿಯಲ್ಲಿ ಬರೆದರು: ಇಲ್ಲಿ ಚಿಹ್ನೆ ತಪ್ಪಿದೆ. ಎಲ್ಲರಿಗೂ ಇವತ್ತೇ ತಿಳಿಸಬೇಕು.

ಇಪ್ಪತ್ತೇಳು ಚೀಟಿ ಬರೆದು ಅಂದೇ ಶಾಲೆಗೆ ಮುಟ್ಟಿಸಿದರು. ಆ ವರ್ಷ ಮೂವರು ಗಣಿತದಲ್ಲಿ ನಪಾಸಾದರು. ಸರ್ ಪಾಟಿ ಹಿಡಿದು ಆ ಮೂವರ ಮನೆಗೂ ಹೋಗಿ ಕಲಿಸಿದರು. ಜೂನ್ ಪರೀಕ್ಷೆಯಲ್ಲಿ ಇಬ್ಬರು ದಾಟಿದರು. ಮೂರನೆಯವಳ ಲಗ್ನ ಆಗಿಹೋಗಿತ್ತು.

ಸರ್ ತೀರಿಕೊಂಡು ಈಗ ಐದಾರು ವರ್ಷವಾಯಿತು. ನಮ್ಮ ಅಂಗಡಿಯಲ್ಲಿ ಈಗ ಝೆರಾಕ್ಸ್, ಆನ್‌ಲೈನ್ ಅರ್ಜಿ. ತಾಂಬಾದ ಆ ಹುಡುಗಿ ಬಸವನ ಬಾಗೇವಾಡಿಯಲ್ಲಿ ಟೀಚರ್ ಆಗಿದ್ದಾಳೆ. ಹೋದ ತಿಂಗಳು ಫೋನ್ ಮಾಡಿ, "ಅಕ್ಕಾರ, ಸರ್ ಪಾಠ ಮೊಬೈಲಿಗೆ ಹಾಕಿಕೊಡ್ರಿ, ನಮ್ಮ ಮಕ್ಕಳಿಗೆ ಕೇಳಸ್ತೇನಿ" ಎಂದಳು. ಕ್ಯಾಮೆರಾದ ಮೂಲ ಕ್ಯಾಸೆಟ್ಟುಗಳು ನಮ್ಮಲ್ಲಿಲ್ಲ. ಅವುಗಳ ಮೇಲೆ ಅದೇ ಬೇಸಿಗೆಯಲ್ಲಿ ಯಾರದೋ ಮದುವೆ ತೆಗೆದಿದ್ದೆವು. ಆಗ ಎಲ್ಲರೂ ಹಾಗೆಯೇ ಮಾಡುತ್ತಿದ್ದರು. ಆದರೂ ಅಳಿಸಿದ್ದು ನಾವೇ.

ನನ್ನ ಹತ್ತಿರ ಉಳಿದಿದ್ದ ಆರು ಡಿಸ್ಕುಗಳಲ್ಲಿ ಐದು ಕಂಪ್ಯೂಟರಿನಲ್ಲಿ ಓದಿದವು. ತ್ರಿಕೋನಮಿತಿಯದು ಓದಲಿಲ್ಲ. ಟೀಚರ್ ತನ್ನ ಜೊತೆಯವರನ್ನೆಲ್ಲ ಹುಡುಕಿ ಕೇಳುತ್ತಿದ್ದಾಳೆ. ಮುದ್ದೇಬಿಹಾಳದಿಂದ ಬಂದದ್ದರ ಮೇಲ್ಪದರ ಕಿತ್ತುಹೋಗಿತ್ತು. ಆಲಮೇಲದವಳದು ಮನೆ ಬದಲಿಸುವಾಗ ಕಳೆದಿದೆ. ಇಂಡಿಯಲ್ಲಿರುವ ಒಬ್ಬಳು ಟ್ರಂಕಿನಲ್ಲಿ ಇರಬೇಕು ಎಂದಿದ್ದಾಳಂತೆ. ನಾಳೆ ಬೆಳಿಗ್ಗೆ ಇಂಡಿಯ ಬಸ್ಸಿಗೆ ಹೋಗುತ್ತೇನೆ. ಪೂರ್ತಿ ಓದೀತು ಎಂಬ ಭರವಸೆ ನನಗಿಲ್ಲ. ಎಷ್ಟು ನಿಮಿಷ ಓದುತ್ತದೋ ಅಷ್ಟು ನಿಮಿಷದ ಸರ್ ಸಿಕ್ಕರೆ ಸಾಕು.