ಕಾಂಪೌಂಡರು 'ಆಗಲ್ಲ' ಅಂದಾಗ

ಖಾಲಿ ಬಾಟಲಿ ಹಿಡಿದು ಬೀದಿಯಲ್ಲಿ ನಡೆಯುವ ಗಂಡಸಿಗೆ ಗುಟ್ಟೆಂಬುದು ಉಳಿಯುವುದಿಲ್ಲ. ದವಾಖಾನೆಯ ಮಿಕ್ಸ್ಚರಿಗೆ ಬಾಟಲಿಯನ್ನು ನಾವೇ ಒಯ್ಯಬೇಕಾದ್ದರಿಂದ, ಅದನ್ನು ಎಷ್ಟೇ ಜಾಣತನದಿಂದ ಟವೆಲಿನಲ್ಲಿ ಸುತ್ತಿಕೊಂಡರೂ ಮೊದಲನೆಯ ತಿರುವಿನಲ್ಲೇ ಯಾರಾದರೊಬ್ಬರು "ಯಾರಿಗೆ ಹುಷಾರಿಲ್ಲ ಸಾರ್?" ಎಂದು ಕೇಳಿಯೇ ಬಿಡುತ್ತಿದ್ದರು. ಆಗ ನನಗೆ ಸಿಡುಕು ಬರುತ್ತಿತ್ತು. ಈಗ ಬರಿಗೈ ಬೀಸಿಕೊಂಡು ಅದೇ ಬೀದಿಯಲ್ಲಿ ನಡೆಯುತ್ತೇನೆ. ಯಾರೂ ಏನೂ ಕೇಳುವುದಿಲ್ಲ.

ಕೆಡವಿದ ಹಳೆಯ ಮನೆಗಳ ಬಾಗಿಲು, ಕಿಟಕಿಗಳನ್ನು ಕೊಂಡು, ಜಯನಗರದ ಹೊಸ ಸೈಟುಗಳಲ್ಲಿ ಮನೆ ಕಟ್ಟುವವರಿಗೆ ಮಾರುವುದು ನನ್ನ ಕಸುಬು. ಬರಿಗಾಲಲ್ಲಿ ಬಂದು ಮಾತಿನ ಬಲದಿಂದ ಮೇಲೆ ಬಂದವನು. ಎದುರಿನವನು 'ಆಗಲ್ಲ' ಅಂದರೆ, ಇನ್ನೂ ಸ್ವಲ್ಪ ಮಾತಾಡಿ ಎಂದು ಆಹ್ವಾನಿಸುತ್ತಿದ್ದಾನೆ ಎಂದೇ ನನ್ನ ಶಾಸ್ತ್ರ. ಈ ಶಾಸ್ತ್ರವನ್ನು ಕೇಳಿದವರಿಗೂ ಕೇಳದವರಿಗೂ ಬೋಧಿಸಿದ್ದೇನೆ.

ನಮ್ಮ ದವಾಖಾನೆಯಲ್ಲಿ ಡಾಕ್ಟರು ಬೆಳಗಿನ ಹೊತ್ತು ಮಾತ್ರ ಕೂರುತ್ತಿದ್ದರು. ಮಧ್ಯಾಹ್ನದ ಮೇಲೆ ಅದು ಕಾಂಪೌಂಡರ್ ನಂಜುಂಡಯ್ಯನವರ ರಾಜ್ಯ. ಕಾಗದದ ಪಟ್ಟಿಯನ್ನು ಮಡಚಿ, ಕತ್ತರಿಯಿಂದ ಅಂಚಿನಲ್ಲಿ ಹಲ್ಲು ಮೂಡಿಸಿ ಬಾಟಲಿಗೆ ಅಂಟಿಸಿದರೆಂದರೆ, ಒಂದು ಹಲ್ಲಿಗೊಂದು ವೇಳೆಯ ಔಷಧ. ಅಕ್ಷರ ಬಾರದವರಿಗೂ ಲೆಕ್ಕ ತಪ್ಪುತ್ತಿರಲಿಲ್ಲ. ಡಾಕ್ಟರ ಕೆಲಸವನ್ನು ಇಂಥವರು ಮಾಡಬಹುದೇ ಎಂದು ಪಾರ್ಕಿನ ಬೆಂಚುಗಳ ಮೇಲೆ ನಿವೃತ್ತರು ಉಗ್ರವಾಗಿ ಚರ್ಚಿಸುತ್ತಾರೆ. ಕೂಡದೆನ್ನುವವರ ಮನೆಯ ಪಕ್ಕದಲ್ಲೇ ಒಬ್ಬ ಡಾಕ್ಟರಿರುವುದನ್ನು ನಾನು ಗಮನಿಸಿದ್ದೇನೆ. ಸುದ್ದಗುಂಟೆಪಾಳ್ಯದಿಂದ ಬಿಸಿಲಲ್ಲಿ ನಡೆದು ಬರುವವರಿಗೆ ಮಾತ್ರ ನಂಜುಂಡಯ್ಯನೇ ಧನ್ವಂತರಿ.

ಒಂದು ಮಧ್ಯಾಹ್ನ ನನ್ನ ಹೆಂಡತಿ ಪಾರ್ವತಿಗೆ ಹೊಟ್ಟೆನೋವೆಂದು ಬಾಟಲಿ ಹಿಡಿದು ಹೋದೆ. ನಂಜುಂಡಯ್ಯ ಎಲ್ಲಿ ನೋವು, ಜ್ವರವಿದೆಯೇ, ವಾಂತಿಯಾಯಿತೇ ಎಂದೆಲ್ಲ ಕೇಳಿ, ನಾನು ಹೇಳಿದ್ದನ್ನು ಕೇಳಿಸಿಕೊಂಡು, ಬಾಟಲಿಯನ್ನು ನನ್ನ ಕಡೆಗೇ ಸರಿಸಿದರು.

"ಇದು ನನ್ನ ಕೈಲಿ ಆಗಲ್ಲ ಸಾರ್. ಬಲಗಡೆ ನೋವು ಅಂತೀರಿ. ಈಗಲೇ ದೊಡ್ಡಾಸ್ಪತ್ರೆಗೆ ಕರ್ಕೊಂಡ್ ಹೋಗಿ."

"ಹೋದ್ಸಲ ಕೊಟ್ರಲ್ಲ, ಅದನ್ನೇ ಕೊಡ್ರೀ. ಇಷ್ಟು ವರ್ಷದ ಕೈಗುಣ ಎಲ್ಲೋಯ್ತು?"

"ಆಗಲ್ಲ ಸಾರ್."

"ಡಾಕ್ಟರಿಗಿಂತ ನಿಮ್ಮನ್ನೇ ನಂಬಿದೀನಿ ನಾನು. ಈಗ ನೀವೇ ಹಿಂಗಂದ್ರೆ?"

ಹೊಗಳಿದೆ, ಹಂಗಿಸಿದೆ, ಹಳೆಯ ಸ್ನೇಹವನ್ನು ತೂಗಿ ತೋರಿಸಿದೆ. ಸಾಗುವಾನಿ ಬಾಗಿಲಿಗೂ ನಾನು ಅಷ್ಟು ಚೌಕಾಸಿ ಮಾಡಿದವನಲ್ಲ. ಕೊನೆಗೆ ಆ ಸಾಧು ಮನುಷ್ಯ ಕತ್ತರಿ ಎತ್ತಿಕೊಂಡರು. ಗೆದ್ದೆನೆಂದು ಬೀಗುತ್ತ ಮನೆಗೆ ಬಂದೆ. ಔಷಧದಿಂದ ನೋವು ತುಸು ಇಳಿಯಿತು. ಪಾರ್ವತಿ ಎದ್ದು ಸಾರನ್ನೂ ಮಾಡಿದಳು. ಮೂರನೆಯ ದಿನ ದೊಡ್ಡಾಸ್ಪತ್ರೆಯಲ್ಲಿ, ಎರಡು ದಿನ ಮುಂಚೆ ತರಬೇಕಿತ್ತು ಎಂದರು. ಅವರೊಡನೆ ಚೌಕಾಸಿ ಮಾಡಲು ನನ್ನ ಬಳಿ ಏನೂ ಇರಲಿಲ್ಲ.

ಆಮೇಲೆ ನಂಜುಂಡಯ್ಯ ಡಾಕ್ಟರ ಚೀಟಿಯಿಲ್ಲದೆ ಅಯೋಡಿನ್ ಕೂಡ ಹಚ್ಚದಾದರು. ಬಂದವರು ಬೈದುಕೊಂಡು ಹಿಂದಿರುಗುವುದನ್ನು ನಾನು ಅಲ್ಲಿನ ಬೆಂಚಿನ ಮೇಲೆ ಕೂತು ನೋಡುತ್ತಿದ್ದೆ. ರೋಗವಿಲ್ಲದವನು ದವಾಖಾನೆಗೆ ಏಕೆ ಹೋಗುತ್ತಿದ್ದನೆಂದು ಕೇಳಬೇಡಿ. ಮನೆಯಲ್ಲಿ ಒಂದು ತಟ್ಟೆ ತೊಳೆದರೆ ಪಾತ್ರೆಯ ಕೆಲಸ ಮುಗಿಯಿತು, ಮಧ್ಯಾಹ್ನವೋ ಮುಗಿಯುವುದಿಲ್ಲ. ಒಂದು ದಿನ ಧೈರ್ಯ ಮಾಡಿ, "ತಪ್ಪು ನಂದು ನಂಜುಂಡಯ್ಯ" ಎಂದೆ. ಅವರು ತಲೆಯೆತ್ತಲಿಲ್ಲ. "ನಿಮ್ದೇ ಸಾರ್. ಆದ್ರೆ ಬಾಟ್ಲಿಗೆ ಪಟ್ಟಿ ಅಂಟಿಸಿದ್ದು ನಾನಲ್ವಾ?"

ಮೊನ್ನೆ ಗಾರೆ ಕೆಲಸದ ಹೆಂಗಸೊಬ್ಬಳು ಕೈ ಕೊಯ್ದುಕೊಂಡು ಬಂದಳು. ಸೆರಗೆಲ್ಲ ರಕ್ತ. ನಂಜುಂಡಯ್ಯ ಡಾಕ್ಟರ ಖಾಲಿ ಕುರ್ಚಿಯನ್ನು ನೋಡಿದರು.

"ಗಾಯ ಕಟ್ಟೋದು ನಿಮಗೆ ಗೊತ್ತು. ಕಟ್ಟಿ" ಎಂದೆ. ಅವರ ಬೆರಳುಗಳು ಮೊದಲು ತಡವರಿಸಿ, ಆಮೇಲೆ ಹಳೆಯ ಲಯ ಹಿಡಿದವು. ತೊಳೆದರು, ಅಯೋಡಿನ್ ಹಚ್ಚಿದರು, ಬಟ್ಟೆ ಸುತ್ತಿದರು. ಹೆಂಗಸು ಏಳುತ್ತ, "ನಮ್ಮತ್ತೆಗೆ ನೆನ್ನೆಯಿಂದ ಹೊಟ್ಟೆನೋವು ಕಣಣ್ಣ. ಹಂಗೇ ಒಸಿ ಔಷ್ದ ಕೊಟ್ಬಿಡು" ಎಂದಳು.

"ಅದು ನನ್ನ ಕೈಲಿ ಆಗಲ್ಲಮ್ಮ. ಆಸ್ಪತ್ರೆಗೆ ತೋರಿಸು."

"ಅಯ್ಯೋ, ಅಷ್ಟು ದೂರ ಯಾರು ಕರ್ಕೊಂಡೋಗ್ತಾರೆ? ನಿನ್ ಕೈಗುಣ ದೊಡ್ದು ಅಂತಾರೆ. ಕೊಡಣ್ಣ."

ನಂಜುಂಡಯ್ಯ ನನ್ನತ್ತ ನೋಡಿದರು. ಓದುಗ ಮಿತ್ರರೇ, ಉಚಿತವಾಗಿ ನಾನು ಕೊಟ್ಟ ಸಲಹೆಗಳಲ್ಲಿ ಇದೊಂದನ್ನಾದರೂ ಉಳಿಸಿಕೊಳ್ಳಿ: ಕಡಿಮೆ ಓದಿದವನು ಎಷ್ಟು ಕೆಲಸ ಮಾಡಬಹುದೆಂದು ಆಮೇಲೆ ವಾದಿಸೋಣ, ಅವನು ತನ್ನ ಗೆರೆಯ ಬಳಿ ನಿಂತಾಗ ಬೆನ್ನ ಹಿಂದಿನಿಂದ ತಳ್ಳುವವರು ನಾವೇ.

"ಅವರು ಆಗಲ್ಲ ಅಂದ್ರೆ ಆಗಲ್ಲ ಕಣಮ್ಮ" ಎಂದೆದ್ದೆ. "ನಡಿ, ನಿಮ್ಮತ್ತೆ ಎಲ್ಲಿದಾರೆ ತೋರಿಸು. ಜಟಕಾ ನಾನು ಮಾಡ್ತೀನಿ."

"ನೀವ್ಯಾಕ್ ಸಾರ್? ಮನೇಲಿ ಕಾಯಲ್ವಾ?" ಎಂದಳು ಹೆಂಗಸು.

"ಕಾಯಲ್ಲ. ನಡಿ, ಹೊತ್ತಾಗುತ್ತೆ" ಎಂದೆ.