ಶಕುಂತಲಮ್ಮ ಕುದಿಸಿಕೊಟ್ಟ ನೀರು

ಅಮೃತೂರಿನ ಶಕುಂತಲಮ್ಮ ಸೊಸೆಯನ್ನು ಮಗಳಿಗಿಂತ ಹೆಚ್ಚಾಗಿ ನೋಡಿಕೊಂಡಳು ಅನ್ನುವುದನ್ನು ಅವಳನ್ನು ಕಂಡರಾಗದವರೂ ಒಪ್ಪುತ್ತಾರೆ. ಅಕ್ಷತಾ ಮೂರು ಸಲ ಬಸಿರಾದಳು, ಮೂರು ಸಲವೂ ಗರ್ಭ ನಿಲ್ಲಲಿಲ್ಲ. ಕೊಂಕು ಮಾತಾಡಲು ಬಂದ ನೆಂಟರಿಗೆ ಶಕುಂತಲಮ್ಮ ಕಾಫಿಯನ್ನೂ ಕೊಡದೆ ಸಾಗಹಾಕಿದಳು. ಹೆಂಗಸಾದ ಅವಳಿಗೆ ಆ ನೋವು ಗೊತ್ತಿತ್ತು.

ಮೂರನೆಯದೂ ಹೋದ ಮೇಲೆ ಸೊಸೆಯನ್ನು ತುಮಕೂರಿಗೆ ಕರೆದುಕೊಂಡು ಹೋದಳು. ಲೇಡಿ ಡಾಕ್ಟರು ಟೆಸ್ಟಿನ ರಿಪೋರ್ಟು ನೋಡಿ, "ಒಳಗೆ ಏನಾದ್ರೂ ಹಾಕಿ ತೊಳ್ಕೋತೀಯೇನಮ್ಮ?" ಅಂದರು.

ಅಕ್ಷತಾ ತಲೆ ತಗ್ಗಿಸಿದಳು. ಉತ್ತರ ಕೊಟ್ಟಿದ್ದು ಅತ್ತೆಯೇ, ಅದೂ ಹೆಮ್ಮೆಯಿಂದ. "ದಿನಾ ತೊಳ್ಕೋತಾಳೆ ಮೇಡಂ. ಬೇವಿನ ಚಕ್ಕೆ, ಪಟಿಕ ಹಾಕಿ ನಾನೇ ಕುದ್ಸಿ ಕೊಡ್ತೀನಿ. ಮದ್ವೆ ಆದಾಗಿಂದ ಒಂದಿನಾನೂ ತಪ್ಸಿಲ್ಲ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಹಾಲಿಗೆ ಹೆಪ್ಪು ಹಾಕ್ತೀರಲ್ಲ, ಅದರಲ್ಲಿರೋ ಥರದ್ದೇ ಒಳ್ಳೇ ಬ್ಯಾಕ್ಟೀರಿಯಾ ಹೆಂಗಸರ ಒಳಗೂ ಇರುತ್ತೆ. ಕೆಟ್ಟದ್ದು ಬರದ ಹಾಗೆ ಕಾಯೋದೇ ಅದು. ಇವಳಲ್ಲಿ ಅದು ಇಲ್ಲವೇ ಇಲ್ಲ ಅನ್ನೋ ಹಾಗಿದೆ. ಗರ್ಭ ಹೋಗೋಕೆ ಇದೊಂದೇ ಕಾರಣ ಅಂತ ಹೇಳಲ್ಲ, ಇದೂ ಒಂದಿರಬಹುದು. ಇವತ್ತೇ ನಿಲ್ಸಿ."

ಇಂಗ್ಲಿಷ್ ಔಷಧಿಯವರಿಗೆ ನಮ್ಮ ಕಷಾಯದ ಗುಣ ಏನು ಗೊತ್ತು ಎಂದು ಶಕುಂತಲಮ್ಮ ತನಗೆ ತಾನೇ ಹೇಳಿಕೊಂಡಳು. ವಾಪಸು ಬರುವಾಗ ಕುಣಿಗಲ್ಲಿನಲ್ಲಿ ಬಸ್ಸಿಳಿದು ಆಯುರ್ವೇದದ ಗುರುಸಿದ್ದಯ್ಯನವರ ಹತ್ತಿರ ನ್ಯಾಯಕ್ಕೆ ಹೋದಳು. ತಾನು ಹೊಸ ಮದುವಣಗಿತ್ತಿಯಾಗಿದ್ದಾಗ ಬಿಳಿಸೆರಗಿಗೆ ಆ ಕಷಾಯ ಕೊಟ್ಟವರು ಅವರ ತಂದೆಯೇ ತಾನೆ!

ಗುರುಸಿದ್ದಯ್ಯನವರು ಕೇಳಿ ದಂಗಾಗಿಹೋದರು. "ಅಯ್ಯೋ ಶಿವನೇ! ನಮ್ಮಪ್ಪ ಕೊಟ್ಟಿದ್ದು ನಿಮ್ಮ ಕಾಯಿಲೆಗೆ, ಅದೂ ನಾಲ್ಕು ದಿನಕ್ಕೆ. ಕಾಯಿಲೆ ಇಲ್ಲದ ಹುಡುಗಿಗೆ ವರ್ಷಗಟ್ಟಲೆ ಹಾಕ್ಸಿದೀರಾ? ಬಸುರಿ ಇದ್ದಾಗ್ಲೂ?"

ಮನೆಮದ್ದು ಅಂದುಕೊಂಡರೆ ನಮ್ಮ ಜನಕ್ಕೆ ಅಳತೆ ಅನ್ನುವುದೇ ಇರುವುದಿಲ್ಲ. ಆದರೂ ಶಕುಂತಲಮ್ಮ ಸೋಲೊಪ್ಪುವವಳಲ್ಲ. ಗುಬ್ಬಿಗೆ ಕೊಟ್ಟ ಮಗಳು ಸಂಧ್ಯಾಳಿಗೂ ಅದೇ ಚಕ್ಕೆ, ಅದೇ ಪಟಿಕ ಕಟ್ಟಿ ಕಳಿಸಿದ್ದಳು. ಅವಳಿಗೆ ಮುತ್ತಿನಂಥ ಎರಡು ಮಕ್ಕಳು. ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಅಲ್ಲೇ ಬೆಂಚಿನ ಮೇಲೆ ಕೂತು, ಎಲ್ಲರಿಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿ ಫೋನು ಮಾಡಿದಳು.

"ಸಂಧ್ಯಾ, ನೀನೂ ಆ ನೀರಲ್ಲೇ ತೊಳ್ಕೊಂಡು ತಾನೇ ಎರಡು ಹೆತ್ತಿದ್ದು? ಹೇಳೇ ಇವ್ರಿಗೆ."

ಆ ಕಡೆ ಸಂಧ್ಯಾ ನಕ್ಕಳು. "ಅಯ್ಯೋ ಬುಡವ್ವ, ಅದನ್ಯಾರು ಹಾಕ್ಕೋತಾರೆ? ಮೊದಲ್ನೇ ದಿನಾನೇ ಉರಿ ತಡೆಯಕ್ಕಾಗದೆ ಬಚ್ಚಲಿಗೆ ಸುರಿದೆ. ನೀನು ಬೈತೀಯಾ ಅಂತ ಹಾಕ್ಕೋತಿದೀನಿ ಅಂತಿದ್ದೆ, ಅಷ್ಟೇ."

ಗುರುಸಿದ್ದಯ್ಯನವರೇ ಫೋನು ತೆಗೆದುಕೊಂಡು ಆಫ್ ಮಾಡಿದರು. ಸೊಸೆಯ ಮುಖ ನೋಡಲು ಶಕುಂತಲಮ್ಮನಿಗೆ ಧೈರ್ಯ ಸಾಲಲಿಲ್ಲ.

"ನಂಗೂ ಉರೀತಿತ್ತು ಅತ್ತೆ," ಅಂದಳು ಅಕ್ಷತಾ.