ಬುಟ್ಟಿಯಲ್ಲಿ ನಡೆದ ಚಪ್ಪಲಿ

ಇಂದು ಬೆಳಗಿನಿಂದ ಮಾಡಿದ ಕೆಲಸ ಹೇಳುತ್ತೇನೆ, ಕೇಳಿ. ಬಾವಿಯಿಂದ ಆರು ಕೊಡ ನೀರು ಸೇದಿದೆ. ದೋಸೆ ಹುಯ್ದೆ. ಒಣಮೀನನ್ನು ಬಿಸಿಲಿಗೆ ಹರವಿ, ಕಾಗೆ ಮುಟ್ಟದಂತೆ ಮೇಲೊಂದು ಹಳೆ ಬಲೆ ಹೊದಿಸಿದೆ. ಗ್ಯಾಸಿನವನಿಗೆ ಎರಡು ಸಲ ಫೋನು ಮಾಡಿದೆ, ಅವನು ಎತ್ತಲಿಲ್ಲ. ಇಷ್ಟನ್ನೂ ಮಾಡಿದ್ದು ಎಡಗಾಲಿನ ಬೆರಳ ತುದಿಯ ಮೇಲೆ. ಒಂದು ತಿಂಗಳಿಂದ ಹಿಮ್ಮಡಿ ನೆಲಕ್ಕೆ ತಾಗಿದರೆ ಮೊಳೆ ಹೊಕ್ಕಂತಾಗುತ್ತದೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಯಾಕೆ ಹೇಳಿರಲಿಲ್ಲ ಎಂಬುದು ನಿಮಗೆ ಆಮೇಲೆ ತಿಳಿಯುತ್ತದೆ.

ಕೊನೆಗೆ ಮಂಚದಡಿ ಗುಡಿಸುವಾಗ ಪೊರಕೆಗೆ ಒಂದು ಪ್ಲಾಸ್ಟಿಕ್ ಚೀಲ ಸಿಕ್ಕಿತು. ಬಿಚ್ಚಿದರೆ ಬಂಗಡೆ ಮೀನಿನ ವಾಸನೆ. ಒಳಗಿದ್ದದ್ದು ಮಾತ್ರ ಚಪ್ಪಲಿ, ನಮ್ಮ ಅತ್ತೆಯದು.

ನಮ್ಮದು ಕುಮಟಾ ಹತ್ತಿರದ ಬಾಡ ಎಂಬ ಊರು. ಅತ್ತೆ ಮಾದೇವಿ ನಲವತ್ತು ವರ್ಷ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರಿದವರು. ಆರು ವರ್ಷದ ಹಿಂದೆ ಅವರ ಹಿಮ್ಮಡಿ ಹಿಡಿಯಿತು. ಬೆಳಿಗ್ಗೆ ಎದ್ದು ಇಡುವ ಮೊದಲ ಹೆಜ್ಜೆಗೆ ಗೋಡೆ ಹಿಡಿದು ನಿಲ್ಲುತ್ತಿದ್ದರು. ನಾಲ್ಕು ದಿನ ಮನೆಯಲ್ಲಿರಿ ಎಂದರೆ ಒಂದೇ ಮಾತು: "ನಾ ಕೂತ್ರೆ ಸ್ಕೂಟರಿನಂವ ನನ್ನ ಮನೆಗಳ್ನೆಲ್ಲ ಹಿಡ್ಕಂತ. ಆಮೇಲೆ ಕಾಲು ಇದ್ದು ಎಂತಕ್ಕೆ?" ಪೆಟ್ಟಿಗೆ ಕಟ್ಟಿಕೊಂಡು ಹಾರ್ನ್ ಹೊಡೆಯುತ್ತ ಮೀನು ಮಾರುವ ಒಬ್ಬ ಆ ವರ್ಷವೇ ನಮ್ಮ ಕಡೆ ಶುರು ಮಾಡಿದ್ದ.

ಆಪರೇಷನ್ ಒಂದು ಬಿಟ್ಟು ಉಳಿದದ್ದನ್ನೆಲ್ಲ ನೋಡಿಬಿಡೋಣ ಎಂದು ನಾನು ಹೊರಟೆ. ಮೊದಲು ಪಕ್ಕದ ಮನೆಯವರು ಹೇಳಿದ ಮದ್ದು: ಇಟ್ಟಿಗೆ ಕಾಯಿಸಿ, ಎಕ್ಕೆ ಎಲೆ ಹಾಸಿ, ಅದರ ಮೇಲೆ ಹಿಮ್ಮಡಿ ಊರುವುದು. ಇಟ್ಟಿಗೆ ಆರುವ ತನಕ ಸುಖವೋ ಸುಖ. ಆಮೇಲೆ ಕುಮಟಾದ ಡಾಕ್ಟರು ಹಿಮ್ಮಡಿಗೇ ಸೂಜಿ ಕೊಟ್ಟರು. ಒಂದೂವರೆ ತಿಂಗಳು ಅತ್ತೆ ಮದುಮಗಳ ಹಾಗೆ ನಡೆದರು, ನೋವು ತವರಿಗೆ ಹೋಗಿ ಬಂದ ಹಾಗೆ ತಿರುಗಿ ಬಂತು. ಮೇಲಿಂದ ಮೇಲೆ ಸೂಜಿ ಕೊಡುವಂತಿಲ್ಲ ಎಂದರು ಡಾಕ್ಟರು. ಭಟ್ಕಳದಲ್ಲಿ ಹಿಮ್ಮಡಿಗೆ ಟಕಟಕ ಬಡಿಯುವ ಮಶೀನು ಇದೆಯೆಂದು ನನ್ನ ತಂಗಿ ಹೇಳಿದಳು. ನಾಲ್ಕೈದು ಸಲ ಬರಬೇಕು ಎಂದಿದ್ದರು. ಅತ್ತೆ ಮೊದಲ ಸಲಕ್ಕೇ ಎದ್ದು ಬಂದರು. "ನೋವು ಅಂತ ಬಂದ್ರೆ ನೋವಿದ್ದಲ್ಲೇ ಕುಟ್ತಾರಲ್ಲ. ಇದ್ಕೆ ಭಟ್ಕಳಕ್ಕೆ ಬರಬೇಕಾ?"

ಕಡೆಗೆ ಹೊನ್ನಾವರದ ಫಿಸಿಯೋಥೆರಪಿ ಹುಡುಗಿ. ಅವಳು ಮೂರು ಹೇಳಿದಳು. ಎದ್ದು ನಿಲ್ಲುವ ಮೊದಲು ಪಾದಕ್ಕೆ ಟವೆಲು ಹಾಕಿ ತನ್ನ ಕಡೆ ಎಳೆದುಕೊಳ್ಳಬೇಕು. ನೀರಿನ ಬಾಟಲಿ ಐಸು ಮಾಡಿ ಅಂಗಾಲಡಿ ಹೊರಳಿಸಬೇಕು. ಹಿಮ್ಮಡಿಗೆ ಮೆತ್ತನೆಯ, ಪಟ್ಟಿಯ ಚಪ್ಪಲಿ ಹಾಕಬೇಕು, ಬರಿಗಾಲು ಮನೆಯೊಳಗೂ ಕೂಡದು.

"ಐಸು ಮೀನಿಗೆ ಹಾಕೂದು ತಂಗಿ. ನಾ ಎಂತ ಮೀನಾ?" ಎಂದರು ಅತ್ತೆ.

ಚಪ್ಪಲಿ ತಂದೆವು. ದಿನಾ ಅದನ್ನು ಹಾಕಿಕೊಂಡೇ ಹೊರಡುತ್ತಿದ್ದರು, ನಾನೇ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಮೂರು ವಾರವಾದರೂ ನೋವು ಎಳ್ಳಷ್ಟು ಕಡಿಮೆಯಾಗಲಿಲ್ಲ. "ಚಪ್ಪಲಿ ನಿಜವಾಗಿ ಹಾಕ್ತಾರಾ?" ಎಂದು ಹೊನ್ನಾವರದವಳು ಕೇಳಿದಾಗ ನನಗೆ ಸಿಟ್ಟೇ ಬಂತು. ಕಣ್ಣಾರೆ ಕಂಡದ್ದಕ್ಕೆ ಬೇರೆ ಸಾಕ್ಷಿ ಬೇಕೇ?

ಒಂದು ಭಾನುವಾರ ಅತ್ತೆಗೆ ಆಗುವುದೇ ಇಲ್ಲ ಎಂದು ನಾನು ನೆರವಿಗೆ ಹಿಂದೆ ಹೋದೆ. ತಿರುವಿನಲ್ಲಿ ನಾನು ಕುಡಿಯುವ ನೀರಿಗೆಂದು ಒಂದು ಮನೆ ಹೊಕ್ಕು ಹಿಂದುಳಿದೆ. ಅತ್ತೆಯ ಹಳೇ ಗಿರಾಕಿ ಟೀಚರಮ್ಮನ ಅಂಗಳ ಮುಟ್ಟುವಷ್ಟರಲ್ಲಿ ಬುಟ್ಟಿ ಇಳಿದಿತ್ತು. ಮೀನು ಮಾರುವವರು ಒಳ್ಳೆಯದನ್ನು ಬೇಕಾದವರಿಗೆಂದು ಬುಟ್ಟಿಯ ತಳದಲ್ಲಿ ಬಚ್ಚಿಡುತ್ತಾರೆ ಎಂಬುದು ನಮ್ಮ ಕಡೆ ಕೊಳ್ಳುವವರಿಗೆಲ್ಲ ಗೊತ್ತು. ಟೀಚರಮ್ಮ ಬಂಗಡೆ ಸರಿಸಿ ಬುಡಕ್ಕೇ ಕೈ ಹಾಕಿದರು.

"ಮಾದೇವಿ, ಚೀಲದಲ್ಲಿ ಎಂತ ಇಟ್ಟಿದ್ದೆ? ಪಾಂಪ್ಲೆಟ್ ಮೀನಾ? ಯಾರಿಗೆ?"

"ಅದು ಮಾರೂದಲ್ಲ ಅಮ್ಮಾ."

"ಮಾರೂದಲ್ಲ ಅಂದ್ರೆ? ನಾ ಎಂತ ಪುಕ್ಕಟೆ ಕೇಳ್ತೇನಾ?" ಎಂದು ಚೀಲ ಎಳೆದರು. ಹೊರಬಂತು ಹೊನ್ನಾವರದ ಚಪ್ಪಲಿ. ಅದರ ಹಿಂದೆಯೇ ಐಸಿನ ಬಾಟಲಿ. ಪಾದಕ್ಕೆಂದು ಹೇಳಿದ್ದೆಲ್ಲ ತಲೆಯ ಮೇಲೆ ಸಂಚಾರ ಮಾಡುತ್ತಿತ್ತು.

ನಾನು ಅಲ್ಲೇ ಜೋರು ಮಾಡಿದೆ. ಅತ್ತೆ ನನ್ನನ್ನು ನೋಡಲಿಲ್ಲ. "ತಿರುವಲ್ಲೇ ಬಿಚ್ಚಿ ಬುಟ್ಟಿಗೆ ಹಾಕ್ತೆ. ಇಲ್ದಿದ್ರೆ ಮನೆಮನೆ ಅಂಗಳದಲ್ಲಿ ಬಿಚ್ಚಬೇಕಲ್ಲ ಮಗಾ. ಪಟ್ಟಿಗೆ ಬಗ್ಗಿದ್ರೆ ಬುಟ್ಟಿ ಬೀಳ್ತದೆ. ಬುಟ್ಟಿ ಇಳಿಸಿದ್ರೆ ಎತ್ತಿ ಕೊಡೂಕೆ ಜನ ಬೇಕು. ತುಳಸಿ ಮುಂದೆ ಹಾಕ್ಕಂಡೇ ಬರೂಕೆ ಆಗ್ತದಾ?"

ನಾನಾಗಲಿ, ಮೂರೂ ಊರಿನ ವೈದ್ಯರಾಗಲಿ ಇದನ್ನು ಯೋಚಿಸಿರಲಿಲ್ಲ. ಟೀಚರಮ್ಮ ಚಪ್ಪಲಿಯನ್ನು ಕೆಳಗಿಟ್ಟರು. "ನೀ ಗೇಟಲ್ಲೇ ನಿಂತು ಕೂಗು. ನಾವು ಬರ್ತೇವೆ."

"ಗೇಟಲ್ಲಿ ಕೂಗೂಕೆ ನಾ ಸ್ಕೂಟರಿನಂವನಾ?" ಎಂದರು ಅತ್ತೆ, ಬಹಳ ಸಣ್ಣ ದನಿಯಲ್ಲಿ.

ಮರುದಿನ ಕೂಗಿದರು. ನಾಲ್ಕು ಮನೆಯವರು ಹೊರಗೆ ಬರುವ ತೊಂದರೆ ಯಾಕೆಂದು ಸ್ಕೂಟರಿನವನ ಕಡೆ ಹೋದರು. ಉಳಿದವರು ಗೇಟಿಗೆ ಬಂದರು. ಟವೆಲನ್ನು ನಾನೇ ಬೆಳಿಗ್ಗೆ ಪೊಲೀಸಿನವಳ ಹಾಗೆ ನಿಂತು ಎಳೆಸಿದೆ, "ಚಿಕ್ಕ ಮಕ್ಕಳ ಹಾಗೆ ಮಾಡ್ಬೇಡಿ" ಎಂದು ಗದರಿದ್ದೂ ಉಂಟು. ಮೂರನೇ ತಿಂಗಳಿಗೆ ಗೋಡೆ ಬಿಟ್ಟರು. ಯಾವುದರಿಂದ ಗುಣವಾಯಿತು ಎಂದರೆ ನಾನು ಟವೆಲು, ಚಪ್ಪಲಿ ಎನ್ನುತ್ತೇನೆ. ಅತ್ತೆ ಇವತ್ತಿಗೂ ಇಟ್ಟಿಗೆ ಎನ್ನುತ್ತಾರೆ.

ಈಗ ಅವರು ಬುಟ್ಟಿ ಬಿಟ್ಟು ಎರಡು ವರ್ಷ. ಅಷ್ಟು ಗದರಿದವಳು ನನ್ನ ಹಿಮ್ಮಡಿಯ ಸುದ್ದಿಯನ್ನು ಯಾವ ಬಾಯಿಂದ ಹೇಳಲಿ? ಚಪ್ಪಲಿ ಹಿಡಿದು ಮಂಚದ ಪಕ್ಕ ಕೂತಿದ್ದಾಗ ಬಾಗಿಲಲ್ಲಿ ಅತ್ತೆ.

"ನೀ ತಿಂಗಳಿಂದ ಕೊಕ್ಕರೆ ಹಾಂಗೆ ನಡೀತೆ. ನಂಗೆ ಕಣ್ಣಿಲ್ಲ ಅಂದ್ಕಂಡ್ಯಾ? ತೊಳೆದು ಹಾಕ್ಕ. ಅಡುಗೆಮನೇಲೂ ಹಾಕ್ಕ."

"ದೇವರ ಗೂಡು ಅಲ್ಲೇ ಉಂಟಲ್ಲ ಅತ್ತೆ."

"ದೇವ್ರಿಗೆ ನಾ ಹೇಳ್ತೆ."

ಎರಡು ಸಲ ಸೋಪು ಹಾಕಿ ತೊಳೆದೆ, ಬಂಗಡೆ ಹೋಗಲಿಲ್ಲ. ಹಾಕಿಕೊಂಡೇ ಅಡುಗೆ ಮಾಡಿದೆ. ಬೆಕ್ಕು ಕಾಲು ಬಿಡದೆ ಸುತ್ತಿತು. ಕುಚ್ಚಲಕ್ಕಿ ಅನ್ನ, ಬಳಚು ಚಿಪ್ಪಿಯ ಸಾರು, ಒಂದೊಂದು ಹಪ್ಪಳ ಉಂಡೆವು. ನಾಳೆಗೆ ಟವೆಲು ಹುಡುಕಿದರೆ ಅದು ಆಗಲೇ ನನ್ನ ದಿಂಬಿನ ಪಕ್ಕ ಮಡಚಿಟ್ಟಿತ್ತು. ಅತ್ತೆ ಗೋಡೆ ಕಡೆ ತಿರುಗಿ ಮಲಗಿದ್ದರು, ನಿದ್ದೆ ಬಂದಿರಲಿಲ್ಲ. ಎಲ್ಲರಿಗಿಂತ ಮೊದಲು ನಿದ್ದೆ ಹೋದದ್ದು ಬೆಕ್ಕು, ಎಡಗಾಲಿನ ಚಪ್ಪಲಿಯ ಮೇಲೆ ತಲೆಯಿಟ್ಟು.